ಎಳ್ಳುಬೆಲ್ಲವೋ, ಆರತಿ ನೀರೋ? ಅಯೋಡಿನ್ ಮತ್ತು ಕ್ವಾಟ್ ಬೆರಕೆಯ ಪೇಟೆಂಟ್ ಪರೀಕ್ಷೆ

ಪೇಟೆಂಟ್ ಏಜೆಂಟ್ ಪರೀಕ್ಷೆಗೆ ಓದುವ ನಾವೆಲ್ಲ ಪೇಟೆಂಟ್ ಕಾಯ್ದೆಯ ಸೆಕ್ಷನ್ 3ನ್ನು (ಯಾವುದಕ್ಕೆಲ್ಲ ಪೇಟೆಂಟ್ ಸಿಗದು ಎಂಬ ಪಟ್ಟಿ) ಮಗ್ಗಿಯಂತೆ ಬಾಯಿಪಾಠ ಮಾಡಿರುತ್ತೇವೆ. 3(ಡಿ) ಅಂದರೆ ಹಳೆಯ ಪದಾರ್ಥದ ಹೊಸ ರೂಪ, 3(ಇ) ಅಂದರೆ ಬರೀ ಬೆರಕೆ, 3(ಐ) ಅಂದರೆ ಚಿಕಿತ್ಸಾ ವಿಧಾನ. ಒಂದು ಕ್ಲೇಮ್, ಅಂದರೆ ಅರ್ಜಿದಾರ ಬೇಡುವ ಹಕ್ಕಿನ ಗಡಿ ಹೇಳುವ ವಾಕ್ಯ, ಎದುರಿಗಿಟ್ಟುಕೊಂಡು ಉತ್ತರ ಬರೆಯಲು ಕೂತಾಗ ಈ ಮಗ್ಗಿ ಕೈಕೊಡುತ್ತದೆ. ನನಗೆ ಕೈಕೊಟ್ಟದ್ದು ಅಯೋಡಿನ್ ಮತ್ತು ಕ್ವಾಟರ್ನರಿ ಅಮೋನಿಯಂ (ಚಿಕ್ಕದಾಗಿ ಕ್ವಾಟ್) ಸೇರಿಸಿದ ಸೂಕ್ಷ್ಮಜೀವಿನಾಶಕದ ಮುಂದೆ. ಅದನ್ನೇ ಹಿಡಿದು ಈ ಟಿಪ್ಪಣಿ.

ಅಭ್ಯಾಸಕ್ಕಾಗಿ ನಾನೇ ಕಲ್ಪಿಸಿಕೊಂಡ ಎರಡು ಕ್ಲೇಮುಗಳಿವು. ಕ್ಲೇಮ್ 1: ಶೇ. 0.1ರಿಂದ 1ರಷ್ಟು ಅಯೋಡಿನ್, ಶೇ. 0.01ರಿಂದ 0.5ರಷ್ಟು ಕ್ವಾಟರ್ನರಿ ಅಮೋನಿಯಂ ಸಂಯುಕ್ತ ಮತ್ತು ನೀರನ್ನು ಒಳಗೊಂಡ ಸೂಕ್ಷ್ಮಜೀವಿನಾಶಕ ಮಿಶ್ರಣ. ಕ್ಲೇಮ್ 2: ಆ ಮಿಶ್ರಣದಲ್ಲಿ ಹಸುವಿನ ಮೊಲೆತೊಟ್ಟನ್ನು ಅದ್ದಿ ಕೆಚ್ಚಲುಬಾವು ಬಾರದಂತೆ ತಡೆಯುವ ವಿಧಾನ.

ಅಯೋಡಿನ್, ಕ್ವಾಟ್ ಎರಡೂ ಹಳೆಯ ಸರಕು. 1811ರಲ್ಲಿ ಬರ್ನಾರ್ಡ್ ಕೂರ್ತ್ವಾ ಕಡಲಪಾಚಿಯ ಬೂದಿಯಿಂದ ಅಯೋಡಿನ್ ಕಂಡುಕೊಂಡ. ಗಾಯಕ್ಕೆ ಹಚ್ಚುವ ಕಂದು ಬಣ್ಣದ ಪೋವಿಡೋನ್-ಅಯೋಡಿನ್ 1955ರಿಂದ ಇದೆ. ಕ್ವಾಟ್‌ಗಳ ಪೈಕಿ ಬೆಂಜಾಲ್ಕೋನಿಯಂ ಕ್ಲೋರೈಡ್‌ನ ಗುಣವನ್ನು 1935ರಲ್ಲಿ ಗೆರ್ಹಾರ್ಡ್ ಡೊಮಾಕ್ ತೋರಿಸಿಕೊಟ್ಟ. ಸಲ್ಫಾ ಔಷಧಕ್ಕಾಗಿ 1939ರ ನೊಬೆಲ್ ಪಡೆದ ಅದೇ ಡೊಮಾಕ್. ಅಯೋಡಿನ್ ಜೀವಕೋಶದ ಪ್ರೋಟೀನುಗಳನ್ನು ಆಕ್ಸಿಡೀಕರಿಸಿ ಕೊಲ್ಲುತ್ತದೆ. ಕ್ವಾಟ್ ಧನ ವಿದ್ಯುದಂಶದ ಸಾಬೂನಿನ ಹಾಗೆ ಋಣ ವಿದ್ಯುದಂಶದ ಕೋಶಪೊರೆಗೆ ಅಂಟಿ ಅದನ್ನು ತೂತು ಮಾಡುತ್ತದೆ. ಎರಡು ದಾರಿ, ಒಂದೇ ಗುರಿ. ಇಲ್ಲೇ ಪೇಟೆಂಟ್ ಕಚೇರಿಯ ಪರೀಕ್ಷಕರ ಮೊದಲ ಆಕ್ಷೇಪ ಹುಟ್ಟುವುದು.

ಸಂಕ್ರಾಂತಿಯ ಎಳ್ಳುಬೆಲ್ಲ ನೆನೆಸಿಕೊಳ್ಳಿ. ಎಳ್ಳು ಎಳ್ಳಾಗಿಯೇ, ಬೆಲ್ಲ ಬೆಲ್ಲವಾಗಿಯೇ ಉಳಿದಿರುತ್ತದೆ. ಬಾಯಿಗೆ ರುಚಿ, ಆದರೆ ಕಾನೂನಿನ ಕಣ್ಣಿಗೆ ಅದು ಬಿಡಿ ಗುಣಗಳ ರಾಶಿ. ಆರತಿ ತಟ್ಟೆಯ ಕಥೆಯೇ ಬೇರೆ. ಅರಿಸಿನದ ನೀರಿಗೆ ಚಿಟಿಕೆ ಸುಣ್ಣ ಬಿದ್ದರೆ ನೀರು ಕೆಂಪಾಗುತ್ತದೆ. ಅರಿಸಿನದಲ್ಲೂ ಸುಣ್ಣದಲ್ಲೂ ಆ ಕೆಂಪು ಇರಲಿಲ್ಲ. 1970ರ ಪೇಟೆಂಟ್ ಕಾಯ್ದೆಯ 3(ಇ) ಕೇಳುವುದು ಇಷ್ಟೇ: ಘಟಕಗಳ ಗುಣಗಳನ್ನು ಒಂದೆಡೆ ಗುಡ್ಡೆ ಹಾಕಿದ್ದು ಬಿಟ್ಟರೆ ಬೇರೇನಾದರೂ ಆಯಿತೇ? ಆಗಿಲ್ಲವಾದರೆ ಅದು ಆವಿಷ್ಕಾರವೇ ಅಲ್ಲ. ಆ ಮಿಶ್ರಣವನ್ನು ತಯಾರಿಸುವ ಪ್ರಕ್ರಿಯೆಗೂ ಇದೇ ಗತಿ, ಅದನ್ನು ಮರೆಯಬೇಡಿ.

ಬಾಟಲಿಯೊಳಗೆ ಇರುವುದೇನು

ಹೆಚ್ಚಿನ ಗೈಡುಗಳು ರಸಾಯನಶಾಸ್ತ್ರವನ್ನು ಹಾರಿಸಿ ನೇರ ಸೆಕ್ಷನ್‌ಗಳಿಗೆ ಹೋಗುತ್ತವೆ. ನನ್ನ ಪ್ರಕಾರ ಅದು ತಪ್ಪು. ಈ ಪ್ರಕರಣದ ಕಾನೂನು ಪೂರ್ತಿ ನಿಂತಿರುವುದು ಬೆರೆಸಿದ ಮೇಲೆ ಬಾಟಲಿಯಲ್ಲಿ ಏನು ಉಳಿಯಿತು ಎಂಬುದರ ಮೇಲೆ.

ಅಯೋಡಿನ್ ಬರಿ ನೀರಿನಲ್ಲಿ ಅಷ್ಟಾಗಿ ಕರಗುವುದಿಲ್ಲ. ಅಯೋಡೈಡ್ ಜೊತೆಗಿದ್ದರೆ ಎರಡೂ ಸೇರಿ ಟ್ರೈಅಯೋಡೈಡ್ ಆಗಿ ಕರಗುತ್ತವೆ. ಈ ಟ್ರೈಅಯೋಡೈಡ್ ಋಣ ಅಯಾನು, ಕ್ವಾಟ್ ಧನ ಅಯಾನು. ಒಂದನ್ನೊಂದು ಕಂಡರೆ ಜೋಡಿಯಾಗದೆ ಬಿಡುವುದಿಲ್ಲ, ಎಷ್ಟೋ ಸಲ ತಳದಲ್ಲಿ ಗಷ್ಟಾಗಿ ಕೂರುತ್ತವೆ. ಇದೂ ಹೊಸ ಸಂಗತಿಯಲ್ಲ. ಕ್ವಾಟರ್ನರಿ ಅಮೋನಿಯಂ ಗುಂಪುಗಳಿರುವ ರಾಳಕ್ಕೆ ಟ್ರೈಅಯೋಡೈಡ್ ಕೂರಿಸಿ ನೀರು ಶುದ್ಧಿಗೆ ಬಳಸಬಹುದೆಂದು ಅಮೆರಿಕದ ಕಾನ್ಸಾಸ್ ಸ್ಟೇಟ್ ಯೂನಿವರ್ಸಿಟಿಯ ಲ್ಯಾಂಬರ್ಟ್, ಫೀನಾ ಮತ್ತು ಸಂಗಡಿಗರು 1970ರಲ್ಲೇ ಪ್ರಕಟಿಸಿದ್ದರು. ಅಯೋಡಿನ್ ತುಂಬಿದ ಅಂಥ ರಾಳವನ್ನು ಮುಂದೆ ನಾಸಾ ತನ್ನ ಸ್ಪೇಸ್ ಶಟಲ್‌ನ ಕುಡಿಯುವ ನೀರಿನ ವ್ಯವಸ್ಥೆಯಲ್ಲಿ ಬಳಸಿತು.

ಈಗ ಅರ್ಜಿದಾರನ ಪಾಡು ನೋಡಿ: ಅತ್ತ ದರಿ, ಇತ್ತ ಪುಲಿ. "ಎರಡೂ ಪರಸ್ಪರ ಪ್ರತಿಕ್ರಿಯಿಸುವುದಿಲ್ಲ, ತಂತಮ್ಮ ಕೆಲಸ ಮಾಡಿಕೊಂಡಿರುತ್ತವೆ" ಎಂದರೆ ತಾನೇ 3(ಇ)ಯ ಬಾಯಿಗೆ ಬಿದ್ದಂತೆ. "ಇಲ್ಲ, ಸೇರಿ ಹೊಸ ಸಂಕೀರ್ಣ ಆಗುತ್ತದೆ" ಎಂದರೆ ಟ್ರೈಅಯೋಡೈಡ್ ಲವಣಗಳ ಹಳೆಯ ದಾಖಲೆಗಳು ಮೇಜಿಗೆ ಬರುತ್ತವೆ, ಅವುಗಳ ಹಿಂದೆಯೇ 3(ಡಿ). ತಿಳಿದಿರುವ ಪದಾರ್ಥದ ಲವಣ, ಸಂಕೀರ್ಣ, ಸಂಯೋಜನೆ ಎಲ್ಲವನ್ನೂ, ಪರಿಣಾಮಕತೆಯ ವಿಷಯದಲ್ಲಿ ಗಣನೀಯ ವ್ಯತ್ಯಾಸ ಇಲ್ಲದ ಹೊರತು, ಅದೇ ಪದಾರ್ಥ ಎಂದೇ ಎಣಿಸಬೇಕು ಎನ್ನುತ್ತದೆ ಅದರ ವಿವರಣೆ. ತಪ್ಪಿಸಿಕೊಳ್ಳುವ ಸಂದು ಒಂದೇ: ಗಷ್ಟು ಕೂರಬೇಕಾಗಿದ್ದ ಎರಡನ್ನು ಯಾವುದೋ ಅನುಪಾತದಲ್ಲಿ, ಯಾವುದೋ ಆಮ್ಲತೆಯಲ್ಲಿ, ಮೂರನೆಯದೊಂದರ ನೆರವಿನಿಂದ ತಿಳಿಯಾಗಿ ಇರಿಸಿದೆ, ಅದರಿಂದ ಕೊಲ್ಲುವ ಶಕ್ತಿ ನಿರೀಕ್ಷೆ ಮೀರಿ ಏರಿತು ಎಂದು ಅಂಕಿಗಳಿಂದ ತೋರಿಸುವುದು. "ಇವೆರಡು ಹೊಂದುವುದಿಲ್ಲ" ಎಂಬ ಹಳೆಯ ಎಚ್ಚರಿಕೆ ಆಗ ಅರ್ಜಿದಾರನ ಪರವಾಗಿ ಸಾಕ್ಷಿ ಹೇಳುತ್ತದೆ.

ಇನ್ನೊಂದು ಸೂಕ್ಷ್ಮ. ಕ್ಲೇಮಿನಲ್ಲಿ "ಶೇ. 0.1 ಅಯೋಡಿನ್" ಎಂದಿದೆಯಲ್ಲ, ಯಾವ ಅಯೋಡಿನ್? ಶೇ. 10ರ ಪೋವಿಡೋನ್-ಅಯೋಡಿನ್ ದ್ರಾವಣದಲ್ಲಿ ಲಭ್ಯ ಅಯೋಡಿನ್ ಸುಮಾರು ಶೇ. 1. ಅದರಲ್ಲಿ ಮುಕ್ತವಾಗಿ ತಿರುಗುವ ಅಯೋಡಿನ್ ಅಣುಗಳು ಅತ್ಯಲ್ಪ, ಆದರೆ ಕೊಲ್ಲುವ ಕೆಲಸ ಮುಖ್ಯವಾಗಿ ಅವುಗಳದ್ದೇ. ಆ ದ್ರಾವಣಕ್ಕೆ ನೀರು ಬೆರೆಸಿದರೆ ಒಂದು ಮಿತಿಯವರೆಗೆ ಮುಕ್ತ ಅಯೋಡಿನ್ ಕಡಿಮೆಯಾಗುವ ಬದಲು ಹೆಚ್ಚುತ್ತದೆ; ಮೊದಲ ಸಲ ಓದಿದಾಗ ಮುದ್ರಣದೋಷ ಅಂದುಕೊಂಡಿದ್ದೆ. ಥಯೋಸಲ್ಫೇಟ್ ಟೈಟ್ರೇಶನ್ (ಥಯೋಸಲ್ಫೇಟ್ ಎಷ್ಟು ಖರ್ಚಾಯಿತೆಂದು ನೋಡಿ ಅಯೋಡಿನ್ ಅಳೆಯುವುದು) ಮಾಡಿದರೆ ಮುಕ್ತವೂ ಬಂಧಿತವೂ ಒಟ್ಟಾಗಿ ಲೆಕ್ಕಕ್ಕೆ ಬರುತ್ತವೆ. ಮುಕ್ತ ಅಯೋಡಿನ್ ಒಂದನ್ನೇ ಅಳೆಯಲು ಹೆಪ್ಟೇನ್ ಎಂಬ ದ್ರಾವಕಕ್ಕೆ ಎಳೆದುಕೊಳ್ಳುವಂಥ ಬೇರೆ ವಿಧಾನ ಬೇಕು. ಯಾವುದನ್ನು ಅಳೆದೆ, ಹೇಗೆ ಅಳೆದೆ ಎಂದು ಹೇಳದ ಕ್ಲೇಮ್ ಸೆಕ್ಷನ್ 10ರ ಸ್ಪಷ್ಟತೆಯ ಪರೀಕ್ಷೆಯಲ್ಲಿ ಎಡವುತ್ತದೆ. "ಕ್ವಾಟರ್ನರಿ ಅಮೋನಿಯಂ ಸಂಯುಕ್ತ" ಎಂಬ ಪದದ್ದೂ ಅದೇ ಹಣೆಬರಹ: ಉದಾಹರಣೆಗಳಲ್ಲಿ ಬೆಂಜಾಲ್ಕೋನಿಯಂ ಒಂದೇ ಇದ್ದು, ಕ್ಲೇಮಿನಲ್ಲಿ ಇಡೀ ವಂಶವನ್ನೇ ಬೇಡಿದರೆ ಆಕ್ಷೇಪ ಖಚಿತ.

ಹುಡುಕಾಟ, ಹೊಸತನ

ಇದನ್ನು ಬೇಗ ಮುಗಿಸೋಣ. ಪೇಟೆಂಟುಗಳ ಅಂತರರಾಷ್ಟ್ರೀಯ ವರ್ಗೀಕರಣದಲ್ಲಿ ಅಯೋಡಿನ್ ಜೀವನಾಶಕಗಳು ಎ01ಎನ್ 59/12, ಕ್ವಾಟ್‌ಗಳು ಎ01ಎನ್ 33/12, ಔಷಧವಾಗಿ ಅಯೋಡಿನ್ ಎ61ಕೆ 33/18. ಮೂರರಲ್ಲೂ ಹುಡುಕಬೇಕು. ಹೊಸತನ ಬೀಳಿಸಲು ಒಂದೇ ದಾಖಲೆಯಲ್ಲಿ ಕ್ಲೇಮಿನ ಎಲ್ಲ ಅಂಶಗಳೂ ಇರಬೇಕು. ಅಲ್ಲಿಂದೊಂದು ಇಲ್ಲಿಂದೊಂದು ಹೆಕ್ಕಿ ಕೂಡಿಸುವಂತಿಲ್ಲ. "ಸೂಕ್ಷ್ಮಜೀವಿನಾಶಕ" ಎಂಬ ವಿಶೇಷಣ ಹಚ್ಚಿದ ಮಾತ್ರಕ್ಕೆ ಹಳೆಯ ಮಿಶ್ರಣ ಹೊಸದಾಗುವುದಿಲ್ಲ.

ಆವಿಷ್ಕಾರದ ಹೆಜ್ಜೆ

ಅಮೆರಿಕದಲ್ಲಿ ಇಂಥ ಕ್ಲೇಮಿನ ಮೇಲೆ ಬೀಳುವ ಮೊದಲ ಕಲ್ಲು ಕೆರ್ಕ್‌ಹೋವನ್ ತೀರ್ಪು, 1980ರದ್ದು. ಅಲ್ಲಿದ್ದದ್ದು ಬಟ್ಟೆ ಒಗೆಯುವ ಡಿಟರ್ಜೆಂಟ್ ಪುಡಿ. ಒಂದೇ ಕೆಲಸಕ್ಕೆ ಹೆಸರಾದ ಎರಡು ಪುಡಿಗಳನ್ನು ಅದೇ ಕೆಲಸಕ್ಕೆ ಬೆರೆಸುವುದು ಮೇಲ್ನೋಟಕ್ಕೇ ಸ್ಪಷ್ಟ, ಅಂದರೆ ಆ ಕಸುಬು ಬಲ್ಲವನಿಗೆ ತಾನಾಗಿ ಹೊಳೆಯುವಂಥದ್ದು, ಎಂದಿತು ಕೋರ್ಟು. ಪುಡಿಯ ಜಾಗದಲ್ಲಿ ಅಯೋಡಿನ್ ಮತ್ತು ಕ್ವಾಟ್ ಇಟ್ಟು ಓದಿದರೆ ತರ್ಕ ಅಕ್ಷರಶಃ ಹೊಂದುತ್ತದೆ. ನಮ್ಮಲ್ಲಿ ಸುಪ್ರೀಂ ಕೋರ್ಟು ಬಿಶ್ವನಾಥ್ ಪ್ರಸಾದ್ ಪ್ರಕರಣದಲ್ಲಿ, ಅದು ಪಾತ್ರೆ ತಯಾರಿಕೆಯ ವಿವಾದ, 1978ರಲ್ಲಿ ಇದೇ ಜಾಡಿನ ಮಾತು ಹೇಳಿದೆ: ಹಳೆಯ ಘಟಕಗಳನ್ನು ಸುಮ್ಮನೆ ಒಂದೆಡೆ ಜೋಡಿಸಿದರೆ ಪೇಟೆಂಟ್ ಇಲ್ಲ, ಅವುಗಳ ಪರಸ್ಪರ ಕೆಲಸದಿಂದ ಹೊಸ ಅಥವಾ ಉತ್ತಮ ಫಲ ಬಂದರೆ ಆ ಮಾತು ಬೇರೆ.

ಅಲ್ಲಿಗೆ ಎಲ್ಲ ದಾರಿಯೂ ಸಿನರ್ಜಿಯ, ಅಂದರೆ ಬಿಡಿ ಪರಿಣಾಮಗಳ ಮೊತ್ತವನ್ನೂ ಮೀರಿದ ಕೂಡು ಪರಿಣಾಮದ, ಲೆಕ್ಕಕ್ಕೇ ಬಂದು ಸೇರುತ್ತದೆ. ಇಲ್ಲಿ ನಿಧಾನಿಸಿ. ಪೆನ್ಸಿಲ್ ತೆಗೆದುಕೊಳ್ಳಿ. ಅಂಕಿಗಳು ಅಭ್ಯಾಸಕ್ಕೆಂದು ನಾನೇ ಹಾಕಿಕೊಂಡವು.

ಒಂದು ಬ್ಯಾಕ್ಟೀರಿಯ ಬೆಳೆಯದಂತೆ ತಡೆಯಲು ಅಯೋಡಿನ್ ಒಂದೇ ಆದರೆ 40 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 40), ಕ್ವಾಟ್ ಒಂದೇ ಆದರೆ 20 ಪಿಪಿಎಂ ಬೇಕು ಎನ್ನಿ. ಬೆರೆಸಿದಾಗ 8 ಮತ್ತು 4 ಸಾಕಾಯಿತು. 8ನ್ನು 40ರಿಂದ, 4ನ್ನು 20ರಿಂದ ಭಾಗಿಸಿ ಕೂಡಿದರೆ 0.2 ಮತ್ತು 0.2, ಒಟ್ಟು 0.4. ಔಷಧ ವಿಜ್ಞಾನದಲ್ಲಿ ಇದನ್ನು ಎಫ್‌ಐಸಿ ಸೂಚ್ಯಂಕ ಅನ್ನುತ್ತಾರೆ. 0.5 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಸಿನರ್ಜಿ, 4ಕ್ಕಿಂತ ಹೆಚ್ಚಾದರೆ ಒಂದನ್ನೊಂದು ಕುಗ್ಗಿಸುತ್ತಿವೆ ಎಂದರ್ಥ. ಬೆರೆಸಿದಾಗ 18 ಮತ್ತು 9 ಬೇಕಾಗಿದ್ದರೆ? ಮೊತ್ತ 0.9. ಎಫ್‌ಐಸಿ ಪ್ರಕಾರ ಸಿನರ್ಜಿ ಅಲ್ಲ. ಆದರೆ ಜೀವನಾಶಕಗಳ ಪೇಟೆಂಟುಗಳಲ್ಲಿ ಪದೇ ಪದೇ ಕಾಣುವ, 1961ರಲ್ಲಿ ಕುಲ್ ಮತ್ತು ಸಂಗಡಿಗರು ಕೊಟ್ಟ ಸೂತ್ರದಲ್ಲಿ ಗೆರೆ ಇರುವುದು 1ರಲ್ಲಿ. ಅಲ್ಲಿ ಅದೇ 0.9 ಸಿನರ್ಜಿ! ಒಂದೇ ಕೊಳವೆ, ಒಂದೇ ಅಂಕಿ, ಎರಡು ತೀರ್ಪು. ದುಪ್ಪಟ್ಟು ದುಪ್ಪಟ್ಟಾಗಿ ದುರ್ಬಲಗೊಳಿಸುತ್ತ ಹೋಗುವ ಪ್ರಯೋಗದಲ್ಲಿ ಒಂದು ಕೊಳವೆಯಷ್ಟು ಆಚೀಚೆ ಆಗುವುದು ಸಹಜ, ಆದ್ದರಿಂದ 0.9ನ್ನು ನಾನಂತೂ ನಂಬಲಾರೆ. ಪರೀಕ್ಷಕರು ಯಾಕೆ ನಂಬಬೇಕು?

ಇದಕ್ಕಿಂತ ದೊಡ್ಡ ಮೋಸ ಶೇಕಡಾವಾರಿನಲ್ಲಿದೆ. "ಅಯೋಡಿನ್ ಒಂದೇ ಶೇ. 99 ಕೊಂದಿತು, ಕ್ವಾಟ್ ಒಂದೇ ಶೇ. 99 ಕೊಂದಿತು, ಎರಡೂ ಸೇರಿ ಶೇ. 99.99! ಉಳಿದವು ನೂರು ಪಟ್ಟು ಕಡಿಮೆ!" ಓದಿದೊಡನೆ ತಲೆದೂಗಬೇಕೆನಿಸುತ್ತದೆ. ಲೆಕ್ಕ ಹಾಕಿ ನೋಡಿ. ಹತ್ತು ಸಾವಿರದಲ್ಲಿ ಅಯೋಡಿನ್ ದಾಟಿ ಉಳಿಯುವವು 100. ಆ ನೂರರಲ್ಲಿ ಕ್ವಾಟ್ ತನ್ನ ಪಾಡಿಗೆ 99ನ್ನು ಕೊಂದರೆ ಉಳಿಯುವುದು 1. ಅಂದರೆ ಶೇ. 99.99. ಒಂದಕ್ಕೊಂದು ನೆರವಾಗದೆ, ಪರಿಚಯವೇ ಇಲ್ಲದವರ ಹಾಗೆ ದುಡಿದರೂ ಬರಬೇಕಾದ ಅಂಕಿಯೇ ಅದು. ಕಳೆನಾಶಕಗಳಿಗಾಗಿ ಕಾಲ್ಬಿ 1967ರಲ್ಲಿ ಕೊಟ್ಟ ಸೂತ್ರವೂ ಇದೇ: ಎರಡು ಶೇಕಡಾಗಳನ್ನು ಕೂಡಿಸಿ, ಅವುಗಳ ಗುಣಲಬ್ಧವನ್ನು ನೂರರಿಂದ ಭಾಗಿಸಿ ಕಳೆಯಿರಿ. ಇದು ಪಕ್ಕಾ ಎಳ್ಳುಬೆಲ್ಲ.

ಅಂಕಿ ಹುಟ್ಟಿದ ಬಗೆಯನ್ನೂ ಕೇಳಬೇಕು. ಪರೀಕ್ಷೆಯ ಸಮಯ ಮುಗಿದೊಡನೆ ನಾಶಕದ ಕೆಲಸ ನಿಲ್ಲಿಸಲು ನ್ಯೂಟ್ರಲೈಸರ್ ಹಾಕುತ್ತಾರೆ. ಅಯೋಡಿನ್‌ಗೆ ಥಯೋಸಲ್ಫೇಟ್, ಕ್ವಾಟ್‌ಗೆ ಲೆಸಿಥಿನ್ ಮತ್ತು ಪಾಲಿಸಾರ್ಬೇಟ್. ಒಂದನ್ನೇ ಹಾಕಿ ಇನ್ನೊಂದನ್ನು ಮರೆತರೆ, ಐದು ನಿಮಿಷದ ಪರೀಕ್ಷೆ ಮುಗಿದ ಮೇಲೂ ತಟ್ಟೆಯಲ್ಲಿ ಕೊಲೆ ನಡೆದೇ ಇರುತ್ತದೆ, ಮತ್ತು ಬೆರಕೆಯ ಅಂಕಿ ಸುಳ್ಳು ಸುಳ್ಳೇ ಉಬ್ಬುತ್ತದೆ. ಪೌಷ್ಟಿಕ ದ್ರವದಲ್ಲಿ ಅಳೆದಿದ್ದರೆ ಅದರ ಸಾವಯವ ವಸ್ತುವೇ ಅಯೋಡಿನ್‌ನ ಒಂದಂಶವನ್ನು ನುಂಗಿರುತ್ತದೆ. ಕೊಟ್ಟಿಗೆಯಲ್ಲಿ ಹಾಲು, ಸಗಣಿ ಎರಡೂ ಇರುವುದರಿಂದ ಕೊಳೆಯಿರುವ ಸ್ಥಿತಿಯ ಫಲಿತಾಂಶವೇ ಇಲ್ಲಿ ಮುಖ್ಯ.

ಅಂಕಿ ಇದ್ದರಷ್ಟೇ ಸಾಲದು, ಯಾವತ್ತು ಕೊಟ್ಟಿರಿ ಎಂಬುದೂ ಮುಖ್ಯ. ಅಮೆರಿಕದಲ್ಲಿ ಅರ್ಜಿಯ ಪರೀಕ್ಷೆಯ ನಡುವೆ ಅಫಿಡವಿಟ್ ಮೂಲಕ ಹೊಸ ಹೋಲಿಕೆ ಸಲ್ಲಿಸುವುದು ದಿನನಿತ್ಯದ ಮಾತು. ನಮ್ಮ ಪೇಟೆಂಟ್ ಕಚೇರಿಯ ಮಾರ್ಗಸೂಚಿ ಪ್ರಕಾರ ಸಿನರ್ಜಿಯನ್ನು ಅರ್ಜಿ ಹಾಕುವ ದಿನವೇ ವಿವರಣೆಯಲ್ಲಿ ಹೋಲಿಕೆಯೊಡನೆ ತೋರಿಸಿರಬೇಕು. ಆಮೇಲೆ ಬಂದದ್ದಕ್ಕೆ ಇರುವುದು ಪೂರಕ ಬೆಂಬಲದ ಸ್ಥಾನ. ಅಯೋಡಿನ್ ಒಂದೇ, ಕ್ವಾಟ್ ಒಂದೇ, ಎರಡೂ ಸೇರಿ ಎಂಬ ಮೂರು ಕಾಲಮ್ಮಿನ ಕೋಷ್ಟಕ ಮೊದಲ ದಿನ ಇಲ್ಲದಿದ್ದರೆ ಮುಂದಿನ ವಾದವೆಲ್ಲ ಕುದುರೆ ಓಡಿಹೋದ ಮೇಲೆ ಲಾಯಕ್ಕೆ ಬೀಗ ಹಾಕಿದಂತೆ.

ಉತ್ತರ ಮತ್ತು ತಿದ್ದುಪಡಿ

ಮೊದಲ ಪರೀಕ್ಷಾ ವರದಿ ಬಂದ ಮೇಲೆ ಉತ್ತರಕ್ಕೆ ಆರು ತಿಂಗಳು, ಕೋರಿದರೆ ಇನ್ನೂ ಮೂರು. ಬಿಟ್ಟರೆ ಸೆಕ್ಷನ್ 21ರ ಪ್ರಕಾರ ಅರ್ಜಿ ಕೈಬಿಟ್ಟಂತೆ. ಅರ್ಜಿಯ ಪರೀಕ್ಷೆಗೆ ಕೋರಿಕೆ ಸಲ್ಲಿಸುವ ಗಡುವು 2024ರ ಮಾರ್ಚ್ 15ರ ನಿಯಮ ತಿದ್ದುಪಡಿಯಿಂದ 48 ತಿಂಗಳ ಬದಲು 31 ಆಗಿದೆ, ಹಳೆಯ ಗೈಡಿನ ಅಂಕಿ ಬರೆದು ಅಂಕ ಕಳೆದುಕೊಳ್ಳಬೇಡಿ. ಕರ್ನಾಟಕದ ಅರ್ಜಿಗಳು ಚೆನ್ನೈ ಕಚೇರಿಯ ವ್ಯಾಪ್ತಿಗೆ ಬರುತ್ತವೆ. ಬೌದ್ಧಿಕ ಆಸ್ತಿ ಮೇಲ್ಮನವಿ ಮಂಡಳಿ (ಐಪಿಎಬಿ) 2021ರಲ್ಲಿ ರದ್ದಾದ ಮೇಲೆ ಮೇಲ್ಮನವಿ ಹೈಕೋರ್ಟಿಗೆ.

ತಿದ್ದುಪಡಿ ಎಂದರೆ ಸೆಕ್ಷನ್ 59. ಕ್ಲೇಮನ್ನು ಕುಗ್ಗಿಸಬಹುದು, ಹಿಗ್ಗಿಸುವಂತಿಲ್ಲ. ಮೂಲ ವಿವರಣೆಯಲ್ಲಿ ಇಲ್ಲದ್ದನ್ನು ತುರುಕುವಂತಿಲ್ಲ. ನನ್ನ ಅಭ್ಯಾಸದ ಉತ್ತರದಲ್ಲಿ ಕ್ಲೇಮ್ 1ನ್ನು ಹೀಗೆ ಕುಗ್ಗಿಸಿದೆ: ಕ್ವಾಟ್ ಎಂದರೆ ಬೆಂಜಾಲ್ಕೋನಿಯಂ ಕ್ಲೋರೈಡ್ ಮಾತ್ರ, ಅಯೋಡಿನ್ ಎಂದರೆ ಟೈಟ್ರೇಶನ್‌ನಲ್ಲಿ ಸಿಗುವ ಲಭ್ಯ ಅಯೋಡಿನ್, ಮತ್ತು ಎರಡರ ಅನುಪಾತ ಕೋಷ್ಟಕದಲ್ಲಿ ಎಫ್‌ಐಸಿ ಸೂಚ್ಯಂಕ 0.5ಕ್ಕಿಂತ ಕೆಳಗೆ ಬಂದ ಸಾಲುಗಳದ್ದಷ್ಟೇ. ಒಂದು ಅನುಪಾತದಲ್ಲಿ ಸಿನರ್ಜಿ ತೋರಿಸಿ ಹತ್ತು ಅನುಪಾತಕ್ಕೆ ಹಕ್ಕು ಕೇಳುವುದು ಎರಡೂ ದೇಶಗಳಲ್ಲಿ ನಡೆಯುವುದಿಲ್ಲ. ಬೇರೆ ಘಟಕಗಳಿಗೂ ಬಾಗಿಲು ತೆರೆದಿಡುವ "ಒಳಗೊಂಡ" ಎಂಬ ಪದವನ್ನು ಉಳಿಸಿಕೊಂಡೆ, ಆದರೆ ಸಾಬೂನಿನಂಥ ಋಣ ಸರ್ಫ್ಯಾಕ್ಟಂಟ್ ಇರಬಾರದೆಂಬ ಷರತ್ತು ಹಾಕಿದೆ, ಅದು ಸೇರಿದರೆ ಕ್ವಾಟ್ ನಿಷ್ಕ್ರಿಯವಾಗುತ್ತದೆ. ಆ ಮಾತು ಮೂಲ ವಿವರಣೆಯಲ್ಲೇ ಇದೆ ಎಂದು ಊಹಿಸಿಕೊಂಡಿದ್ದೇನೆ, ಇಲ್ಲದಿದ್ದರೆ ಈ ಷರತ್ತೂ ಬಿದ್ದುಹೋಗುತ್ತದೆ.

ಕ್ಲೇಮ್ 2 ಉಳಿಯುವುದಿಲ್ಲ. 3(ಐ) ಮನುಷ್ಯರ ಚಿಕಿತ್ಸೆಯ ಜೊತೆ ಪ್ರಾಣಿಗಳನ್ನು ರೋಗಮುಕ್ತವಾಗಿಡುವ, ಅವುಗಳ ಅಥವಾ ಅವುಗಳ ಉತ್ಪನ್ನದ ಆರ್ಥಿಕ ಮೌಲ್ಯ ಹೆಚ್ಚಿಸುವ ಪ್ರಕ್ರಿಯೆಗಳನ್ನೂ ಹೊರಗಿಟ್ಟಿದೆ. ಕೆಚ್ಚಲುಬಾವು ತಡೆದರೆ ಹಸುವೂ ಆರೋಗ್ಯ, ಹಾಲಿನ ಬೆಲೆಯೂ ಭದ್ರ. ಎರಡೂ ಕೊಂಡಿಗೆ ಸಿಕ್ಕಿಬೀಳುತ್ತದೆ. ಅದೇ ದ್ರಾವಣದಿಂದ ಹಾಲಿನ ಕ್ಯಾನು ತೊಳೆಯುವ, ಕೊಟ್ಟಿಗೆಯ ನೆಲ ಒರೆಸುವ ವಿಧಾನಕ್ಕೆ 3(ಐ) ಅಡ್ಡ ಬರುವುದಿಲ್ಲ. ಹಾಗೆಂದು ಮೊಲೆತೊಟ್ಟಿನ ಕ್ಲೇಮನ್ನು ನೆಲದ ಕ್ಲೇಮಾಗಿ ತಿದ್ದಲು ಹೋದೆ, ಸೆಕ್ಷನ್ 59 ನೆನಪಾಗಿ ಅಳಿಸಿದೆ: ನೆಲ ಯಾವತ್ತೂ ಕ್ಲೇಮ್ 2ರ ವ್ಯಾಪ್ತಿಯೊಳಗೆ ಇರಲಿಲ್ಲ.