ಬ್ಲ್ಯಾಕ್ ಬೆಲ್ಟ್ ಬರಲು ಎಷ್ಟು ವರ್ಷ ಬೇಕು?

ಓದುಗರ ಪ್ರಶ್ನೆ: ಒಂಬತ್ತು ವರ್ಷದ ಮಗಳನ್ನು ಟೇಕ್ವಾಂಡೊ ಕ್ಲಾಸಿಗೆ ಸೇರಿಸಿದ್ದೇವೆ. ಬ್ಲ್ಯಾಕ್ ಬೆಲ್ಟ್ ಬರಲು ಎಷ್ಟು ವರ್ಷ ಹಿಡಿಯುತ್ತದೆ? ಎರಡೇ ವರ್ಷ ಸಾಕು ಎಂದು ಒಬ್ಬರು, ಎರಡು ವರ್ಷಕ್ಕೆ ಕೊಡುವುದು ಅಸಲಿ ಬ್ಲ್ಯಾಕ್ ಬೆಲ್ಟೇ ಅಲ್ಲ ಎಂದು ಇನ್ನೊಬ್ಬರು ಹೇಳುತ್ತಾರೆ.

ಪ್ರತಿ ಜೂನ್‌ನಲ್ಲಿ ಶಾಲೆ ತೆರೆದ ವಾರವೇ ಈ ಪ್ರಶ್ನೆ ಬರುತ್ತದೆ. ಉತ್ತರ ಬದಲಾಗಿಲ್ಲ: ವಾರಕ್ಕೆ ಮೂರು ದಿನ, ದಿನಕ್ಕೆ ಒಂದು ಗಂಟೆ, ತಪ್ಪಿಸದೆ ಬಂದರೆ ಮೂರರಿಂದ ಮೂರೂವರೆ ವರ್ಷ. ಬಿಳಿ ಬೆಲ್ಟ್ ಎಂದರೆ 10ನೇ ಗುಪ್; ಬ್ಲ್ಯಾಕ್ ಬೆಲ್ಟಿಗೆ ಮುಂಚಿನ ದರ್ಜೆಗಳಿಗೆ ಗುಪ್ ಎನ್ನುತ್ತಾರೆ. ಅಲ್ಲಿಂದ 9, 8 ಎಂದು ಇಳಿಯುತ್ತ 1ನೇ ಗುಪ್ ಮುಟ್ಟಲು ಒಂಬತ್ತು ಪರೀಕ್ಷೆ. ಮೂರು ತಿಂಗಳಿಗೊಂದು ಎಂದರೆ 27 ತಿಂಗಳು. ನಡುವೆ ವಾರ್ಷಿಕ ಪರೀಕ್ಷೆ, ಬೇಸಿಗೆ ರಜೆ, ಜ್ವರ, ಊರ ಜಾತ್ರೆ ಎಂದು ಒಂದೆರಡು ಬಾರಿ ತಪ್ಪಿಯೇ ತಪ್ಪುತ್ತದೆ. ಕೊನೆಯ ಕೆಂಪು ಬೆಲ್ಟಿನಲ್ಲಿ ಆರು ತಿಂಗಳು ನಿಲ್ಲಿಸಿಕೊಂಡು ಹಳೆಯದನ್ನೆಲ್ಲ ತಿದ್ದಿಸುವವರು ಒಳ್ಳೆಯ ಮೇಷ್ಟ್ರು. ಆ ಆರು ತಿಂಗಳಿಗೆ ದಯವಿಟ್ಟು ಗೊಣಗಬೇಡಿ.

ಇಷ್ಟಕ್ಕೂ ವರ್ಷ ಎಣಿಸುವುದೇ ತಪ್ಪು, ಗಂಟೆ ಎಣಿಸಿ. ವಾರಕ್ಕೆ ಮೂರು ಗಂಟೆಯಂತೆ 48 ವಾರಕ್ಕೆ 144 ಗಂಟೆ. ಮೂರು ವರ್ಷಕ್ಕೆ 430ರ ಆಸುಪಾಸು. ಕೊರಿಯಾದಲ್ಲಿ ಶಾಲೆ ಬಿಟ್ಟ ಮೇಲೆ ವಾರಕ್ಕೆ ಐದು ದಿನ ಕಲಿಯುವ ಜಾಗಕ್ಕೆ, ಅಂದರೆ ದೊಜಾಂಗ್‌ಗೆ ಹೋಗುವ ಮಗುವಿಗೆ ವರ್ಷಕ್ಕೆ 240 ಗಂಟೆ ಸಿಗುತ್ತದೆ. ಅಂಥ ಮಗು ಎರಡು ವರ್ಷದೊಳಗೆ ಬ್ಲ್ಯಾಕ್ ಬೆಲ್ಟಿನ ಮೊದಲ ದರ್ಜೆಗೆ ಬಂದರೆ ಅದರಲ್ಲಿ ಮೋಸವೇನೂ ಇಲ್ಲ. ಇಲ್ಲಿ ವಾರಕ್ಕೆ ಎರಡು ದಿನ, ಮುಕ್ಕಾಲು ಗಂಟೆಯ ಕ್ಲಾಸಿಗೆ ಹೋಗುವ ಮಗುವಿಗೆ ಎರಡು ವರ್ಷದಲ್ಲಿ ಸಿಗುವುದು ಬರೀ 144 ಗಂಟೆ. ಅದೇ ಎರಡು ವರ್ಷಕ್ಕೆ ಅದೇ ಬೆಲ್ಟ್ ಕೊಟ್ಟರೆ ಮಾತ್ರ ಅನುಮಾನಪಡಿ.

ಇನ್ನೊಂದು ವಿಷಯ ನಿಮಗೆ ಯಾರೂ ಹೇಳಿರಲಿಕ್ಕಿಲ್ಲ. ಸೋಲ್‌ನ ಟೇಕ್ವಾಂಡೊ ಮುಖ್ಯ ಕೇಂದ್ರ ಕುಕ್ಕಿವಾನ್ ನಿಯಮದಂತೆ ನಿಮ್ಮ ಮಗಳಿಗೆ ಹನ್ನೆರಡು, ಹದಿಮೂರಕ್ಕೆ ಬರುವುದು ಕಪ್ಪು ಬೆಲ್ಟ್ ಅಲ್ಲ. 15 ತುಂಬದವರಿಗೆ ಕೊಡುವುದು ಪೂಮ್ ಎಂಬ ಕಿರಿಯರ ದರ್ಜೆ. ಬೆಲ್ಟ್ ಅರ್ಧ ಕೆಂಪು, ಅರ್ಧ ಕಪ್ಪು. ಸಮವಸ್ತ್ರವಾದ ದೊಬೊಕ್‌ನ ಕೊರಳಪಟ್ಟಿಯೂ ಹಾಗೆಯೇ ಎರಡು ಬಣ್ಣದ್ದು. 15 ತುಂಬಿದ ಮೇಲೆ ಅರ್ಜಿ ಹಾಕಿ ಪೂಮ್ ಅನ್ನು ಡಾನ್ ಆಗಿ, ಅಂದರೆ ದೊಡ್ಡವರ ಕಪ್ಪು ಬೆಲ್ಟಿನ ದರ್ಜೆಯಾಗಿ ಬದಲಿಸಿಕೊಳ್ಳಬಹುದು. ಆದ್ದರಿಂದ ಅವಳ ಬೆಲ್ಟ್ ಪೂರ್ತಿ ಕಪ್ಪಾಗಿಲ್ಲವೆಂದು ಮೇಷ್ಟ್ರ ಹತ್ತಿರ ಜಗಳಕ್ಕೆ ಹೋಗಬೇಡಿ.

ಈಗ ಈ ಪ್ರಶ್ನೆಯ ಬೆನ್ನಿಗೆ ಅಂಟಿಕೊಂಡೇ ಬರುವ ನಂಬಿಕೆಗೆ ಬರೋಣ. ಬ್ಲ್ಯಾಕ್ ಬೆಲ್ಟ್ ಎಂದರೆ ವಿದ್ಯೆ ಮುಗಿಯಿತು, ಪರಿಣತಿ ಬಂತು, ಇನ್ನು ಕಲಿಯಲು ಏನೂ ಉಳಿದಿಲ್ಲ ಎಂಬ ನಂಬಿಕೆ. ಎಷ್ಟು ಸಲ ಹೇಳಿದರೂ ಇದು ಹೋಗುವುದಿಲ್ಲ. ಕೊರಿಯನ್ನರು ಮೊದಲ ಡಾನ್ ಅನ್ನು ಏನೆಂದು ಕರೆಯುತ್ತಾರೆ ನೋಡಿ: ಚೋಡಾನ್. ‘ಚೋ’ ಎಂದರೆ ಆರಂಭ. ಆರಂಭದ ಮೆಟ್ಟಿಲು ಎಂದು ಹೆಸರಿನಲ್ಲೇ ಬರೆದಿದೆ! ನಮ್ಮಲ್ಲಿ ಭರತನಾಟ್ಯದ ರಂಗಪ್ರವೇಶಕ್ಕೆ ಆದ ಗತಿಯೇ ಇದಕ್ಕೂ ಆಗಿದೆ. ಹೆಸರು ಪ್ರವೇಶ, ಮನೆಯವರ ಪಾಲಿಗೆ ಅದು ಸಮಾರೋಪ. ಹಾಲ್ ಬುಕ್ ಮಾಡಿ, ಊಟ ಹಾಕಿಸಿ, ಮರುದಿನ ಗೆಜ್ಜೆ ಪೆಟ್ಟಿಗೆ ಸೇರುತ್ತದೆ.

ಮುಂದಿನ ಮೆಟ್ಟಿಲುಗಳ ಲೆಕ್ಕ ಕೇಳಿ. ಮೊದಲ ಡಾನ್‌ನಿಂದ ಎರಡನೆಯದಕ್ಕೆ ಕನಿಷ್ಠ 1 ವರ್ಷ, ಎರಡರಿಂದ ಮೂರಕ್ಕೆ 2, ಮೂರರಿಂದ ನಾಲ್ಕಕ್ಕೆ 3. ಹೀಗೆ ಏರುತ್ತ ಏಳರಿಂದ ಎಂಟಕ್ಕೆ 8, ಎಂಟರಿಂದ ಒಂಬತ್ತಕ್ಕೆ 9. ಎಲ್ಲವನ್ನೂ ಕೂಡಿದರೆ 38 ವರ್ಷ. ಬೇರೆಯವರನ್ನು ಡಾನ್ ಪರೀಕ್ಷೆಗೆ ಶಿಫಾರಸು ಮಾಡುವ ಹಕ್ಕು ಬರುವುದೂ ನಾಲ್ಕನೇ ಡಾನ್ ಆದ ಮೇಲೆ, ಅಂದರೆ ಮೊದಲ ಡಾನ್ ಮುಗಿಸಿ ಕನಿಷ್ಠ ಆರು ವರ್ಷಕ್ಕೆ. ಮೊದಲ ಡಾನ್ ಎಂದರೇ ಪಾಂಡಿತ್ಯ ಎನ್ನುವುದಾದರೆ ಈ 38 ವರ್ಷ ಯಾತಕ್ಕೆ? ಕೊರಿಯಾದ ಸೈನ್ಯದಲ್ಲಿ ಕಡ್ಡಾಯ ಸೇವೆಗೆ ಸೇರುವ ಹುಡುಗರಿಗೂ ಟೇಕ್ವಾಂಡೊ ಕಲಿಸಿ ಮೊದಲ ಡಾನ್ ಪರೀಕ್ಷೆಗೆ ಕೂರಿಸುತ್ತಾರೆ. ಅವರನ್ನೆಲ್ಲ ಪಂಡಿತರೆಂದು ಅಲ್ಲಿ ಯಾರೂ ತಿಳಿಯುವುದಿಲ್ಲ.

ಬಿಳಿ ಬೆಲ್ಟೇ ಬೆವರು ಕುಡಿದು, ಕೊಳೆ ಹಿಡಿದು, ವರ್ಷಗಳ ನಂತರ ಕಪ್ಪಾಗುತ್ತಿತ್ತು ಎಂಬ ಕಥೆಯೂ ಇದೇ ನಂಬಿಕೆಯ ಮರಿ. ಹತ್ತಿಯ ಪಟ್ಟಿ ಕೊಳೆಯಾದರೆ ಕಂದಾಗುತ್ತದೆ, ವಾಸನೆ ಬರುತ್ತದೆ, ಕಪ್ಪಾಗುವುದಿಲ್ಲ. ಕಪ್ಪು ಬೆಲ್ಟನ್ನು 1880ರ ದಶಕದಲ್ಲಿ ಜಪಾನಿನ ಜೂಡೊದಲ್ಲಿ ಕಾನೊ ಜಿಗೊರೊ ಬಳಕೆಗೆ ತಂದರು. ಹಿರಿಯ ವಿದ್ಯಾರ್ಥಿ ಯಾರು, ಕಿರಿಯ ಯಾರು ಎಂದು ಗುರುತಿಸಲು. ಟೇಕ್ವಾಂಡೊಗೆ ಆ ಹೆಸರೇ ಬಂದದ್ದು 1955ರಲ್ಲಿ, ಕುಕ್ಕಿವಾನ್ ತೆರೆದದ್ದು 1972ರಲ್ಲಿ. ಬೆಲ್ಟ್ ಜಪಾನಿನಿಂದ ಬಂದ ವ್ಯವಸ್ಥೆ, ಅದರಲ್ಲಿ ಸಾವಿರ ವರ್ಷದ ಗುಟ್ಟೇನೂ ಇಲ್ಲ. ಬೆಲ್ಟ್ ಒಗೆಯಿರಿ.

ಹಾಗಾದರೆ ಮೊದಲ ಡಾನ್‌ನವರಿಗೆ ಏನು ಗೊತ್ತಿರುತ್ತದೆ? ತೇಗುಕ್ ಪೂಮ್ಸೆಗಳು (ಒಬ್ಬರೇ ಕ್ರಮವಾಗಿ ಮಾಡುವ ಚಲನೆಗಳ ಸರಣಿಗಳು) ಎಂಟೂ, ಯಾವುದನ್ನು ಕೇಳಿದರೂ ತಡವರಿಸದೆ, ಮೂಲ ಒದೆತಗಳು ಎರಡೂ ಕಾಲಲ್ಲಿ, ನಿಯಮಬದ್ಧ ಕ್ಯೊರುಗಿ, ಅಂದರೆ ಎದುರಾಳಿಯೊಂದಿಗೆ ಸೆಣಸಾಟ, ಒಂದಿಷ್ಟು ಹಲಗೆ ಒಡೆಯುವುದು. ಇದು ಅಕ್ಷರಮಾಲೆ ಮತ್ತು ಕಾಗುಣಿತ. ತಪ್ಪಿಲ್ಲದೆ ಬಂದರೆ ಅದೇ ದೊಡ್ಡದು, ಏಕೆಂದರೆ ತಪ್ಪುಗಳು ಶುರುವಾಗುವುದೇ ಇಲ್ಲಿ.

ದೊಲ್ಯೊ ಚಾಗಿ, ಅಂದರೆ ಸುತ್ತು ಒದೆತವನ್ನೇ ತೆಗೆದುಕೊಳ್ಳಿ. ಮೊದಲು ಮಂಡಿ ಎತ್ತಿ ಗುರಿಯತ್ತ ಮುಂದಕ್ಕೆ ತರಬೇಕು, ಆಮೇಲೆ ನಿಂತ ಕಾಲಿನ ಹಿಮ್ಮಡಿ ಗುರಿಯ ಕಡೆಗೆ ತಿರುಗಬೇಕು, ಸೊಂಟ ಹೊರಳಬೇಕು, ಕೊನೆಗೆ ಮೊಣಕಾಲಿನಿಂದ ಕೆಳಗಿನ ಭಾಗ ಚಿಮ್ಮಬೇಕು, ಚಿಮ್ಮಿದ ದಾರಿಯಲ್ಲೇ ಮಡಚಿ ವಾಪಸ್ ಬರಬೇಕು. ಹೊಸಬರು ನಿಂತ ಪಾದವನ್ನು ತಿರುಗಿಸುವುದಿಲ್ಲ. ಸೊಂಟ ತಿರುಗುತ್ತದೆ, ಪಾದ ನೆಲಕ್ಕೆ ಅಂಟಿರುತ್ತದೆ, ತಿರುಚುವ ಬಲವೆಲ್ಲ ಮಂಡಿಯ ಮೇಲೆ ಬೀಳುತ್ತದೆ. ಹಳದಿ ಬೆಲ್ಟಿನಲ್ಲಿ ನೋವಾಗುವುದಿಲ್ಲ, ಏಕೆಂದರೆ ಒದೆತದಲ್ಲಿ ಬಲವಿರುವುದಿಲ್ಲ. ನೀಲಿ ಬೆಲ್ಟಿಗೆ ಬರುವಾಗ ಬಲ ಬಂದಿರುತ್ತದೆ, ತಪ್ಪು ಅಭ್ಯಾಸವಾಗಿರುತ್ತದೆ, ಮಂಡಿಯ ಒಳಬದಿ ನೋಯತೊಡಗುತ್ತದೆ. ಪ್ಯಾಡ್ ಇಲ್ಲದೆ, ಗೋಡೆ ಹಿಡಿದು, ದಿನಕ್ಕೆ ಪ್ರತಿ ಕಾಲಿಗೆ 20 ಸಲ ನಿಧಾನವಾಗಿ, ಹಿಮ್ಮಡಿಯನ್ನೇ ನೋಡುತ್ತ ಮಾಡಿದರೆ ಸರಿಹೋಗುತ್ತದೆ. ವೇಗ ಆಮೇಲೆ ಬರುತ್ತದೆ. ಅಪ್ ಚಾಗಿಯಲ್ಲಿ, ಅಂದರೆ ಮುಂದಕ್ಕೆ ಒದೆಯುವಾಗ, ಬೆರಳು ಹಿಂದಕ್ಕೆ ಎಳೆದುಕೊಂಡು ಅದರ ಬುಡದ ದಪ್ಪ ಭಾಗದಿಂದ ಹೊಡೆಯಬೇಕು. ಬೆರಳು ಚಾಚಿ ಹೊಡೆದವರಿಗೆ ಹೆಬ್ಬೆರಳು ಒಮ್ಮೆ ಬಾತುಕೊಂಡ ಮೇಲೆ ಇದು ತಾನೇ ನೆನಪಿರುತ್ತದೆ.

ಮೊದಲ ಪೂಮ್ಸೆ, ತೇಗುಕ್ ಇಲ್ ಜಾಂಗ್‌ನಲ್ಲಿ ಇರುವುದು 18 ಚಲನೆ. ಹೆಚ್ಚಿನವು ಅಪ್ ಸೊಗಿ, ನಡೆಯುವಾಗ ಇಡುವಷ್ಟೇ ಹೆಜ್ಜೆ, ಮಂಡಿ ಬಹುತೇಕ ನೇರ. ಮೂರು ಕಡೆ ಮಾತ್ರ ಅಪ್ ಕುಬಿ: ಉದ್ದ ಹೆಜ್ಜೆ, ಮುಂದಿನ ಮಂಡಿ ಬಾಗಿ, ಹಿಂದಿನ ಕಾಲು ನೇರ, ಭಾರ ಹೆಚ್ಚಾಗಿ ಮುಂದೆ. ಹೊಸ ವಿದ್ಯಾರ್ಥಿಗಳು ಎರಡನ್ನೂ ಬೆರೆಸಿ ನಡುವಿನ ಒಂದೇ ಅಳತೆಯಲ್ಲಿ ಮುಗಿಸಿಬಿಡುತ್ತಾರೆ. ಈ ಎರಡು ನಿಲುವನ್ನು ಬಿಳಿ ಬೆಲ್ಟಿನಲ್ಲೇ ಬೇರ್ಪಡಿಸದಿದ್ದರೆ ಎಂಟನೇ ಪೂಮ್ಸೆವರೆಗೂ ಅದೇ ಕಲಸುಮೇಲೋಗರ. ಬೇಗ ಬೆಲ್ಟ್ ಬೇಕು ಎಂದು ಮನೆಯವರು ಒತ್ತಾಯಿಸಿದಾಗ, ಒಂದೇ ದಿನ ಎರಡು ಗುಪ್ ಹಾರಿಸಿದಾಗ, ಮೊದಲು ಬಲಿಯಾಗುವುದು ಈ ನಿಲುವುಗಳೇ.

ಸರ್ಟಿಫಿಕೇಟ್ ವಿಚಾರ ಚಿಕ್ಕದು. ಬಣ್ಣದ ಬೆಲ್ಟುಗಳ ಕ್ರಮ ಒಂದೊಂದು ಕಡೆ ಒಂದೊಂದು ಥರ ಇರುತ್ತದೆ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಪೂಮ್ ಅಥವಾ ಡಾನ್ ಪರೀಕ್ಷೆಗೆ ಹಣ ಕಟ್ಟುವ ಮೊದಲು ಒಂದೇ ಮಾತು ಕೇಳಿ: ಕುಕ್ಕಿವಾನ್‌ನಲ್ಲಿ ನೋಂದಣಿಯಾಗುತ್ತದೆಯೇ? ನೋಂದಣಿಯಾದರೆ ಸರ್ಟಿಫಿಕೇಟಿನ ಮೇಲೆ ಸಂಖ್ಯೆ ಇರುತ್ತದೆ, ಆ ಸಂಖ್ಯೆಯನ್ನು ಕುಕ್ಕಿವಾನ್‌ನಲ್ಲಿ ಪರಿಶೀಲಿಸಬಹುದು. ಹೆಸರಿನ ಕಾಗುಣಿತ, ಹುಟ್ಟಿದ ದಿನಾಂಕ ಪಾಸ್‌ಪೋರ್ಟಿನಲ್ಲಿ ಇರುವಂತೆಯೇ ಕೊಡಿ. ಆಮೇಲೆ ತಿದ್ದಿಸುವ ಕಷ್ಟ ಬೇಡ.

ಗುಪ್ ಇಳಿಯುತ್ತದೆ, ಡಾನ್ ಏರುತ್ತದೆ ಎಂದು ಹೇಳುವಾಗ ಇನ್ನೊಂದು ಗೊಂದಲ ನೆನಪಾಯಿತು. ನೀವು ಕೇಳಿಲ್ಲ, ಆದರೆ ಮಗಳು ಕೇಳಿಯೇ ಕೇಳುತ್ತಾಳೆ. ಕ್ಲಾಸಿನಲ್ಲಿ ಒದೆತ ಎಣಿಸುವಾಗ ಹಾನಾ, ದುಲ್, ಸೆತ್, ನೆತ್ ಎನ್ನುತ್ತಾರೆ. ಪೂಮ್ಸೆ ಹೆಸರಿನಲ್ಲಿ ಮಾತ್ರ ಒಂದಕ್ಕೆ ‘ಇಲ್’ ಹೇಗೆ ಬಂತು? ಕೊರಿಯನ್ ಭಾಷೆಗೆ ಎರಡು ಎಣಿಕೆ. ಹಾನಾ, ದುಲ್ ಅಚ್ಚ ಕೊರಿಯನ್. ಇಲ್, ಇ, ಸಾಮ್ ಚೀನೀ ಮೂಲದ್ದು. ನಾವು ಎಣಿಸುವಾಗ ಒಂದು, ಎರಡು, ಮೂರು ಎಂದು, ಹೆಸರಿಡುವಾಗ ಏಕತಾಳ, ದ್ವಿಪದಿ, ತ್ರಿಪದಿ ಎನ್ನುವ ಹಾಗೆ. ವಸ್ತುವನ್ನೋ ಏಟನ್ನೋ ಎಣಿಸಲು ಅಚ್ಚ ಕೊರಿಯನ್, ದರ್ಜೆಗೆ ಮತ್ತು ಪೂಮ್ಸೆಯ ಕ್ರಮಕ್ಕೆ ಚೀನೀ ಮೂಲದ್ದು. ಪರೀಕ್ಷೆಯಲ್ಲಿ ‘ತೇಗುಕ್ ಸಾ ಜಾಂಗ್’ ಎಂದು ಕರೆದಾಗ ಎಷ್ಟೋ ಮಕ್ಕಳು ಪೂಮ್ಸೆ ಚೆನ್ನಾಗಿ ಬಂದರೂ ಸುಮ್ಮನೆ ನಿಂತುಬಿಡುತ್ತಾರೆ. ಅದಕ್ಕೆ ಈ ಎಂಟನ್ನು ಇವತ್ತೇ ಬಾಯಿಪಾಠ ಮಾಡಿಸಿ: ಇಲ್, ಇ, ಸಾಮ್, ಸಾ, ಓ, ಯುಕ್, ಚಿಲ್, ಪಾಲ್. ‘ಸಾ’ ಎಂದರೆ ನಾಲ್ಕು, ‘ಸಾಮ್’ ಎಂದರೆ ಮೂರು. ಹೆಚ್ಚಿನವರು ತಪ್ಪುವುದು ಈ ಎರಡರಲ್ಲೇ.