ಹೇಳಿಬಿಟ್ಟರೆ ಸಾಕಾ? ಪ್ರೊಫೆಸರ್, ಕಂಪನಿ ಮತ್ತು ಒಂದು ಸಾವಿನ ಹಿನ್ನೆಲೆ

1999ರಲ್ಲಿ ಜೆಸ್ಸಿ ಗೆಲ್ಸಿಂಗರ್ ಎಂಬ ಅಮೆರಿಕದ ಹುಡುಗ 11 ಪುಟಗಳ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಜೀನ್ ಥೆರಪಿ (ದೋಷವಿರುವ ಜೀನಿನ ಕೆಲಸ ಮಾಡಲು ಸರಿಯಾದ ಜೀನನ್ನು ದೇಹಕ್ಕೆ ಸೇರಿಸುವ ಚಿಕಿತ್ಸೆ) ಪ್ರಯೋಗ ಅದು. ಪತ್ರದ ಕೊನೆಯ ಪುಟದಲ್ಲಿ ಒಂದು ಸಾಲು ಇತ್ತು. ಈ ಸಂಶೋಧನೆ ಗೆದ್ದರೆ ವಿಶ್ವವಿದ್ಯಾಲಯಕ್ಕೆ, ಅಲ್ಲಿನ ಜೀನ್ ಥೆರಪಿ ಸಂಸ್ಥೆಯ ನಿರ್ದೇಶಕ ಡಾ. ಜೇಮ್ಸ್ ವಿಲ್ಸನ್ ಅವರಿಗೆ ಮತ್ತು ಜೆನೋವೋ ಎಂಬ ಕಂಪನಿಗೆ ಹಣದ ಲಾಭವಿದೆ ಎಂದು.

ಅಂದರೆ ಮುಚ್ಚಿಟ್ಟಿರಲಿಲ್ಲ. ಹೇಳಿದ್ದರು. ಹಿತಾಸಕ್ತಿ ಸಂಘರ್ಷ ಅಂದ ಕೂಡಲೇ ನಮಗೆ ಗುಟ್ಟಾಗಿ ದುಡ್ಡು ಮಾಡಿಕೊಂಡವರು ನೆನಪಾಗುತ್ತಾರೆ, ಅಲ್ವಾ? ಈ ಪ್ರಕರಣ ಕಾಡುವುದು ಅದು ಹಾಗಿಲ್ಲದ ಕಾರಣಕ್ಕೇ.

ಇದರ ಬೇರು 1980ರಲ್ಲಿದೆ. ಅಲ್ಲಿಯವರೆಗೆ ಅಮೆರಿಕದಲ್ಲಿ ಸರ್ಕಾರದ ಹಣದಿಂದ ಕಂಡುಹಿಡಿದದ್ದರ ಪೇಟೆಂಟ್ ಹೆಚ್ಚಾಗಿ ಸರ್ಕಾರದ ಕೈಯಲ್ಲೇ ಇರುತ್ತಿತ್ತು. ಹಾಗೆ ಸುಮಾರು 28 ಸಾವಿರ ಪೇಟೆಂಟ್‌ಗಳು ಸೇರಿದ್ದವು. ಅವುಗಳಲ್ಲಿ ಕಂಪನಿಗಳ ಕೈ ಸೇರಿದ್ದು ಶೇ 5ಕ್ಕಿಂತ ಕಡಿಮೆ. ಉಳಿದವು ಸುಮ್ನೆ ಬಿದ್ದಿದ್ದವು. ಬೇ-ಡೋಲ್ ಕಾಯ್ದೆ ಬಂದು, ಪೇಟೆಂಟನ್ನು ವಿಶ್ವವಿದ್ಯಾಲಯವೇ ಇಟ್ಟುಕೊಳ್ಳಬಹುದು, ಬಳಸಲು ಕಂಪನಿಗಳಿಗೆ ಪರವಾನಗಿ ಕೊಡಬಹುದು, ಬಂದ ಹಣದಲ್ಲಿ ಸಂಶೋಧಕರಿಗೂ ಪಾಲು ಕೊಡಬೇಕು ಎಂದಿತು. ಪ್ರೊಫೆಸರ್‌ಗಳು ಕಂಪನಿ ಕಟ್ಟಲು ಶುರು ಮಾಡಿದರು. ಒಳ್ಳೆಯ ಔಷಧಗಳೂ ಬಂದವು, ಇಲ್ಲ ಅನ್ನಲಾಗದು. ಆದರೆ ಲ್ಯಾಬಿನಲ್ಲಿ ಫಲಿತಾಂಶ ನೋಡುವವರೂ ಆ ಫಲಿತಾಂಶದಿಂದ ಷೇರು ಬೆಲೆ ಏರಿದರೆ ಲಾಭ ಮಾಡಿಕೊಳ್ಳುವವರೂ ಒಬ್ಬರೇ ಆದರು.

ವಿಲ್ಸನ್ ಜೆನೋವೋ ಕಂಪನಿ ಕಟ್ಟಿದ್ದು 1992ರಲ್ಲಿ. ಅವರ ಸಂಸ್ಥೆಯ ಬಜೆಟ್ಟಿನ ಸುಮಾರು ಐದನೇ ಒಂದು ಭಾಗ ಆ ಕಂಪನಿಯಿಂದಲೇ ಬರುತ್ತಿತ್ತು. ವಿಶ್ವವಿದ್ಯಾಲಯಕ್ಕೂ ಅದರಲ್ಲಿ ಷೇರು ಇತ್ತು. ಇದನ್ನೆಲ್ಲ ನೋಡಲು ಒಳಗೇ ಒಂದು ಸಮಿತಿ ಇತ್ತು. ಸಮಿತಿ ಕೂತಿತು, ಪ್ರಶ್ನೆ ಕೇಳಿತು, ಷರತ್ತು ಹಾಕಿತು, ಒಪ್ಪಿಗೆ ಕೊಟ್ಟಿತು. ಸಮಿತಿಯ ಸದಸ್ಯರಿಗೆ ಸಂಬಳ ಕೊಡುವ ವಿಶ್ವವಿದ್ಯಾಲಯವೇ ಷೇರುದಾರ ಅನ್ನೋದು ಮಾತ್ರ ಹಾಗೇ ಉಳಿಯಿತು.

ಜೆಸ್ಸಿಗೆ ಹುಟ್ಟಿನಿಂದಲೇ ಒಂದು ಅಪರೂಪದ ತೊಂದರೆ ಇತ್ತು. ಅವನ ಯಕೃತ್ತು ಅಮೋನಿಯಾವನ್ನು ಸರಿಯಾಗಿ ಹೊರಹಾಕುತ್ತಿರಲಿಲ್ಲ. ದಿನಕ್ಕೆ ರಾಶಿ ಮಾತ್ರೆ ಮತ್ತು ಪಥ್ಯದ ಊಟ, ಇಷ್ಟರಲ್ಲೇ ಬದುಕು ನಡೆಯುತ್ತಿತ್ತು. ಈ ಪ್ರಯೋಗದಿಂದ ತನಗೇನೂ ಗುಣವಾಗುವುದಿಲ್ಲ, ಮುಂದೆ ಹುಟ್ಟುವ ಮಕ್ಕಳಿಗೆ ಅನುಕೂಲವಾಗಬಹುದು ಎಂದು ಅವನಿಗೆ ಗೊತ್ತಿತ್ತು. 18 ತುಂಬುವವರೆಗೆ ಕಾದು ಹೆಸರು ಕೊಟ್ಟ. ಸೆಪ್ಟೆಂಬರ್ 13ರಂದು ವೈರಸ್ ಮೂಲಕ ಹೊಸ ಜೀನನ್ನು ಅವನ ಯಕೃತ್ತಿಗೆ ಹಾಯಿಸಿದರು. 17ಕ್ಕೆ ತೀರಿಕೊಂಡ.

ಆಮೇಲೆ ನಡೆದ ತನಿಖೆಯಲ್ಲಿ ಹೊರಬಿದ್ದದ್ದು ಆ ಒಂದು ಸಾಲಿಗಿಂತ ದೊಡ್ಡದು. ಹಿಂದೆ ಇಂಥದ್ದೇ ವೈರಸ್ಸಿನ ಭಾರೀ ಡೋಸ್ ಕೊಟ್ಟಾಗ ಮಂಗಗಳು ಸತ್ತಿದ್ದವು. ಅದು ಒಪ್ಪಿಗೆ ಪತ್ರದಲ್ಲಿ ಇರಲಿಲ್ಲ. ಮೊದಲು ಪಾಲ್ಗೊಂಡ ರೋಗಿಗಳಲ್ಲಿ ಕಂಡ ಗಂಭೀರ ಅಡ್ಡ ಪರಿಣಾಮಗಳನ್ನು ಔಷಧ ನಿಯಂತ್ರಣ ಸಂಸ್ಥೆಗೆ ಸಮಯಕ್ಕೆ ತಿಳಿಸಿರಲಿಲ್ಲ. ಜೆಸ್ಸಿಯ ಅಮೋನಿಯಾ ಮಟ್ಟವೂ ನಿಗದಿತ ಮಿತಿಗಿಂತ ಜಾಸ್ತಿ ಇತ್ತು. ದುಡ್ಡಿಗಾಗಿಯೇ ಹೀಗೆ ಮಾಡಿದರು ಎಂದು ಯಾರೂ ಸಾಬೀತು ಮಾಡಿಲ್ಲ. ವಿಲ್ಸನ್ ಕೂಡ ಒಪ್ಪಲಿಲ್ಲ. ಆದರೆ ತೊಡಕು ಇರುವುದೇ ಅಲ್ಲಿ. ಷೇರು ಇದ್ದವರು ಒಂದು ಕೆಟ್ಟ ಸೂಚನೆಯನ್ನು 'ಇರಲಿ, ಮುಂದೆ ನೋಡೋಣ' ಎಂದು ಬಿಟ್ಟರೆ, ಅದು ವಿಜ್ಞಾನಿಯ ತೀರ್ಮಾನವೋ ಷೇರುದಾರನ ಆಸೆಯೋ ಎಂದು ಹೊರಗಿನವರಿಗಿರಲಿ, ಕೆಲವೊಮ್ಮೆ ಅವರಿಗೇ ಗೊತ್ತಾಗುವುದಿಲ್ಲ.

2000ದಲ್ಲಿ ಜೆನೋವೋ ಬೇರೊಂದು ಕಂಪನಿಗೆ ಮಾರಾಟವಾಯಿತು. ಅದೇ ವರ್ಷ ಜೆಸ್ಸಿಯ ಮನೆಯವರ ಜೊತೆ ವಿಶ್ವವಿದ್ಯಾಲಯ ರಾಜಿ ಮಾಡಿಕೊಂಡಿತು. 2005ರಲ್ಲಿ ಸರ್ಕಾರದ ಜೊತೆಗಿನ ರಾಜಿಯಲ್ಲಿ ವಿಶ್ವವಿದ್ಯಾಲಯ 5 ಲಕ್ಷ ಡಾಲರಿಗೂ ಮಿಕ್ಕಿ ಕಟ್ಟಿತು. ಮನುಷ್ಯರ ಮೇಲಿನ ಪ್ರಯೋಗಗಳನ್ನು ಮುನ್ನಡೆಸದಂತೆ ವಿಲ್ಸನ್ ಅವರಿಗೆ 2010ರವರೆಗೆ ನಿರ್ಬಂಧ ಬಿತ್ತು.

ಹಾಗಾದರೆ ನಿಯಮಗಳು ಎಲ್ಲಿದ್ದವು? 1995ರಲ್ಲೇ ಬಂದಿದ್ದವು. ಸರ್ಕಾರದ ಅನುದಾನ ಪಡೆಯುವ ಸಂಶೋಧಕರು ಹೊರಗಿನ 10 ಸಾವಿರ ಡಾಲರಿಗಿಂತ ಹೆಚ್ಚಿನ ಹಿತಾಸಕ್ತಿಯನ್ನು ತಮ್ಮ ಸಂಸ್ಥೆಗೆ ತಿಳಿಸಬೇಕಿತ್ತು. ತಿಳಿಸಿದ್ದು ನಿಜವೋ ಸುಳ್ಳೋ ಎಂದು ನೋಡುವವರು ಕಡಿಮೆ. 2008ರಲ್ಲಿ ಸೆನೆಟರ್ ಚಾರ್ಲ್ಸ್ ಗ್ರಾಸ್ಲಿ ಔಷಧ ಕಂಪನಿಗಳ ಲೆಕ್ಕವನ್ನೂ ಪ್ರೊಫೆಸರ್‌ಗಳು ತುಂಬಿದ ಫಾರಂಗಳನ್ನೂ ಅಕ್ಕಪಕ್ಕ ಇಟ್ಟು ನೋಡಿದರು. ಎಮೊರಿ ವಿಶ್ವವಿದ್ಯಾಲಯದ ಹೆಸರಾಂತ ಮನೋವೈದ್ಯರೊಬ್ಬರ ಲೆಕ್ಕದಲ್ಲಿ 10 ಲಕ್ಷ ಡಾಲರಿಗೂ ಹೆಚ್ಚು ವ್ಯತ್ಯಾಸವಿದೆ ಎಂದು ಅವರ ತನಿಖೆ ಹೇಳಿತು. 2010ರಲ್ಲಿ ಹೊಸ ಕಾನೂನು ಬಂತು. ವೈದ್ಯರಿಗೆ ಕೊಟ್ಟ ಹಣದ ಲೆಕ್ಕವನ್ನು ಕಂಪನಿಗಳೇ ಒಪ್ಪಿಸಬೇಕಾಯಿತು. 2011ರಲ್ಲಿ ಸಂಶೋಧಕರ ಮಿತಿಯೂ 5 ಸಾವಿರ ಡಾಲರಿಗೆ ಇಳಿಯಿತು. ಫಾರಂ ಉದ್ದವಾಯಿತು ಅಷ್ಟೇ ಅನ್ನುವವರೂ ಇದ್ದಾರೆ. ನನಗೂ ಅರ್ಧ ಹಾಗೇ ಅನ್ನಿಸುತ್ತದೆ.

ನಮ್ಮ ದಾರಿ ಶುರುವಾಗಿದ್ದು ಉಲ್ಟಾ. ಕೇಂದ್ರ ಸರ್ಕಾರಿ ನೌಕರರ 1964ರ ನಡತೆ ನಿಯಮಗಳು ಪೂರ್ವಾನುಮತಿ ಇಲ್ಲದೆ ಖಾಸಗಿ ವ್ಯಾಪಾರ ಬೇಡ ಎಂದವು. ಆ ಕಾಲದ ಚಿಂತೆ ಮನೆಪಾಠ, ಪಕ್ಕದ ವ್ಯವಹಾರ ಇಂಥದ್ದು. ಪಾಠ ಮಾಡುವವರೇ ಗೈಡ್ ಬರೆದು, ಪ್ರಶ್ನೆಪತ್ರಿಕೆಯನ್ನೂ ಅವರೇ ತೆಗೆಯುವುದು ನಮ್ಮ ವಿದ್ಯಾರ್ಥಿಗಳಿಗೆ ಚೆನ್ನಾಗಿ ಗೊತ್ತಿರುವ ಸಂಘರ್ಷ. 2000ದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಾಲ್ವರು ಪ್ರಾಧ್ಯಾಪಕರು ಸೇರಿ ಸ್ಟ್ರ್ಯಾಂಡ್ ಜೀನೋಮಿಕ್ಸ್ ಕಂಪನಿ ಕಟ್ಟಿದಾಗ ಬೇರೆಯದೇ ಪ್ರಶ್ನೆ ಬಂತು. ಇದು ತಡೆಯಬೇಕಾದದ್ದಲ್ಲ, ಬೆನ್ನು ತಟ್ಟಬೇಕಾದದ್ದು. ಆದರೆ ಯಾವ ಕಟ್ಟುಪಾಡಿನಲ್ಲಿ? ಬೇ-ಡೋಲ್ ಮಾದರಿಯ ಮಸೂದೆಯೊಂದು 2008ರಲ್ಲಿ ರಾಜ್ಯಸಭೆಗೆ ಬಂದು, 2014ರಲ್ಲಿ ವಾಪಸಾಯಿತು. ಆಮೇಲೆ ಕ್ಯಾಂಪಸ್‌ಗಳಲ್ಲಿ ಸ್ಟಾರ್ಟಪ್‌ಗಳು ಹೆಚ್ಚಾದವು. ನೀತಿಗಳನ್ನು ಒಂದೊಂದು ಸಂಸ್ಥೆ ತನಗೆ ತೋಚಿದಂತೆ ಬರೆದುಕೊಳ್ಳುತ್ತಿದೆ. ತಾನೇ ಷೇರು ಹೊಂದಿರುವ ಕಂಪನಿಯ ವಿಷಯವನ್ನು ಸಂಸ್ಥೆಯ ಸಮಿತಿಯೇ ತೀರ್ಮಾನಿಸಬಹುದೇ ಎಂಬ ಪ್ರಶ್ನೆ ಇಲ್ಲೂ ಹಾಗೇ ಇದೆ.

ವಿಲ್ಸನ್ ಅದೇ ವಿಶ್ವವಿದ್ಯಾಲಯದಲ್ಲಿ ಉಳಿದರು. ಜೀನ್ ಸಾಗಿಸುವ ಸುರಕ್ಷಿತ ವೈರಸ್‌ಗಳನ್ನು ಹುಡುಕುವ ಅವರ ಕೆಲಸ ದೊಡ್ಡ ಹೆಸರು ಮಾಡಿತು. ಪ್ರಯೋಗದಿಂದ ಕಲಿತ ಪಾಠಗಳ ಬಗ್ಗೆ 2009ರಲ್ಲಿ ತಾವೇ ಲೇಖನ ಬರೆದರು. 2024ರಲ್ಲಿ ವಿಶ್ವವಿದ್ಯಾಲಯ ಬಿಟ್ಟು, ಎರಡು ಹೊಸ ಕಂಪನಿಗಳನ್ನು ನಡೆಸಲು ಹೊರಟರು.