ಲಿಬ್‌ಸಿ6 ಇನ್ನೂ ಏಕೆ ಏಳಾಗಿಲ್ಲ?

ಡೆಬಿಯನ್ ಕಾರ್ಯಾಚರಣಾ ವ್ಯವಸ್ಥೆಯಲ್ಲಿ ಬಹುಪಾಲು ತಂತ್ರಾಂಶಗಳು ಆತುಕೊಂಡಿರುವ ಸಿ ಲೈಬ್ರರಿಯ (ಸಿ ಭಾಷೆಯ ಸಿದ್ಧ ಕಾರ್ಯಗಳ ಸಂಗ್ರಹದ) ಪ್ಯಾಕೇಜಿಗೆ ‘ಲಿಬ್‌ಸಿ6’ ಎಂದು ಹೆಸರು. 2025ರ ಆಗಸ್ಟ್‌ನಲ್ಲಿ ಹೊರಬಂದ ಡೆಬಿಯನ್ 13ರಲ್ಲಿ ಅದರೊಳಗಿರುವುದು ‘ಗ್ಲಿಬ್‌ಸಿ’ ಎಂಬ ಸಿ ಲೈಬ್ರರಿಯ 2.41ನೆಯ ಆವೃತ್ತಿ. ಹೆಸರಿನಲ್ಲಿರುವ ಆರನ್ನು ಆವೃತ್ತಿಯೆಂದು ಭಾವಿಸಿ, 1998ರ ಡೆಬಿಯನ್ 2.0ರಿಂದ ಇಂದಿನವರೆಗೂ ಅಲ್ಲೇ ನಿಂತಿರುವ ಈ ಲೈಬ್ರರಿ ಹಳಸಿಹೋಗಿದೆಯೆಂದು ಕನಿಕರಪಡುವವರಿದ್ದಾರೆ. ಆ ಸಂಖ್ಯೆ ಸೂಚಿಸುವುದು, ಹಳೆಯ ತಂತ್ರಾಂಶಗಳು ಹಾಗೆಯೇ ಓಡುತ್ತಿರುತ್ತವೆ ಎಂದು ಲೈಬ್ರರಿ ಕೊಟ್ಟ ಮಾತನ್ನು. ಮಾತು ಮುರಿದ ದಿನ ಮಾತ್ರ ಅದು ಏಳಾಗಬೇಕು.

ಹಲವು ತಂತ್ರಾಂಶಗಳು ಹಂಚಿಕೊಂಡು ಬಳಸುವ ಲೈಬ್ರರಿಯೊಂದರ ಕಡತದೊಳಗೆ ‘ಸೋನೇಮ್’ ಎಂಬ ಹೆಸರು ಅಡಗಿರುತ್ತದೆ. ತಂತ್ರಾಂಶವನ್ನು ಕಂಪೈಲ್ ಮಾಡಿ, ಅಂದರೆ ಯಂತ್ರ ಓದುವ ರೂಪಕ್ಕೆ ತಂದು, ಲೈಬ್ರರಿಗೆ ಜೋಡಿಸುವಾಗ ಆ ಹೆಸರು ತಂತ್ರಾಂಶದೊಳಗೆ ನಕಲಾಗುತ್ತದೆ, ಮುಂದೆ ಪ್ರತಿ ಸಲ ಓಡುವಾಗಲೂ ಅದೇ ಹೆಸರನ್ನು ಹುಡುಕಲಾಗುತ್ತದೆ. ಡೆಬಿಯನ್‌ನವರು ಸೋನೇಮಿನ ಸಂಖ್ಯೆಯನ್ನು ಪ್ಯಾಕೇಜಿನ ಹೆಸರಿಗೇ ಸೇರಿಸುವುದರಿಂದ, ಗೂಢಲಿಪೀಕರಣದ ಒಂದೇ ಲೈಬ್ರರಿಯ ಎರಡು ರೂಪಗಳಾದ ಲಿಬ್‌ಎಸ್‌ಎಸ್‌ಎಲ್1.1 ಮತ್ತು ಲಿಬ್‌ಎಸ್‌ಎಸ್‌ಎಲ್3 ಒಂದೇ ಗಣಕದಲ್ಲಿ ಜಗಳವಿಲ್ಲದೆ ಇರಬಲ್ಲವು.

ಮಾತು ಮುರಿಯುವುದೆಂದರೆ ಏನು? ಕತ್ತಲೆಯಲ್ಲೇ ಅಡುಗೆ ಮಾಡಬಲ್ಲ ಅಜ್ಜಿಯೊಬ್ಬರನ್ನು ನೆನೆದುಕೊಳ್ಳಿ. ಕಪಾಟಿನ ಮೂರನೆಯ ಡಬ್ಬಿ ಸಕ್ಕರೆ ಎಂಬುದು ಅವರ ಕೈಗೆ ಗೊತ್ತು, ಡಬ್ಬಿಯ ಮೇಲಿನ ಚೀಟಿಯನ್ನು ಅವರು ಓದುವುದಿಲ್ಲ. ಸೊಸೆ ನಡುವೆ ಹೊಸ ಡಬ್ಬಿಯೊಂದನ್ನು ಇಟ್ಟರೆ ಪಾಯಸಕ್ಕೆ ಉಪ್ಪು ಬೀಳುತ್ತದೆ. ಡಬ್ಬಿಗಳ ಕ್ರಮ ಹಾಗೆಯೇ ಇದ್ದು, ಮೊದಲನೆಯದನ್ನು ತೆಗೆದು ಅದಕ್ಕಿಂತ ಅಗಲವಾದದ್ದನ್ನು ಇಟ್ಟರೂ ಉಳಿದವೆಲ್ಲ ಸರಿದು, ಕೈ ಚಾಚಿದಲ್ಲಿ ಬೇರೇನೋ ಸಿಗುತ್ತದೆ. ಕಂಪೈಲ್ ಆದ ತಂತ್ರಾಂಶವೂ ಹೀಗೆಯೇ: ಅದಕ್ಕೆ ಮಾಹಿತಿಯ ಹೆಸರು ತಿಳಿಯದು, ಎಷ್ಟನೆಯ ಬೈಟಿನಲ್ಲಿದೆ ಎಂಬುದಷ್ಟೇ ತಿಳಿದಿರುತ್ತದೆ.

2024ರಲ್ಲಿ ಡೆಬಿಯನ್‌ಗೆ ಎದುರಾದದ್ದು ಈ ಅಗಲದ ಡಬ್ಬಿಯ ಪ್ರಶ್ನೆಯೇ. 1970ರಿಂದ ಸೆಕೆಂಡುಗಳನ್ನು ಎಣಿಸುವ 32 ಬಿಟ್‌ಗಳ ಲೆಕ್ಕ 2038ರ ಜನವರಿ 19ರಂದು ತುಂಬಿಹೋಗುವುದರಿಂದ, 32 ಬಿಟ್‌ನ ಆರ್ಮ್ ಯಂತ್ರಗಳಲ್ಲಿ ಕಾಲವನ್ನು ನಾಲ್ಕರ ಬದಲು ಎಂಟು ಬೈಟುಗಳಲ್ಲಿ ಇಡಲು ನಿರ್ಧರಿಸಲಾಯಿತು. ಲೈಬ್ರರಿಗಳ ಮೂಲ ಲೇಖಕರು ಏನನ್ನೂ ಬದಲಿಸಿರಲಿಲ್ಲವಾದ್ದರಿಂದ ಸೋನೇಮ್ ಹಾಗೆಯೇ ಉಳಿಯಿತು, ಒಳಗಿನ ಅಳತೆ ಮಾತ್ರ ಬದಲಾಯಿತು. ಹೊಸದೂ ಹಳೆಯದೂ ಬೆರೆಯದಂತೆ, ಉದಾಹರಣೆಗೆ, ಲಿಬ್‌ಎಸ್‌ಎಸ್‌ಎಲ್3 ಪ್ಯಾಕೇಜಿನ ಹೆಸರನ್ನು ಲಿಬ್‌ಎಸ್‌ಎಸ್‌ಎಲ್3ಟಿ64 ಎಂದು ಬದಲಿಸಬೇಕಾಯಿತು, ಹೀಗೆ ನೂರಾರು ಲೈಬ್ರರಿಗಳ ಬಾಲಕ್ಕೆ ‘ಟಿ64’ ಅಂಟಿತು. ಪ್ಯಾಕೇಜಿನ ಹೆಸರು ಎಲ್ಲ ಬಗೆಯ ಯಂತ್ರಗಳಿಗೂ ಒಂದೇ ಆದ್ದರಿಂದ, ಏನೂ ಬದಲಾಗದ 64 ಬಿಟ್‌ನ ಲ್ಯಾಪ್‌ಟಾಪ್‌ನವರೂ ಈ ಬಾಲವನ್ನು ಕಂಡು ಗಾಬರಿಯಾದರು.

ಇಷ್ಟು ಜಾಗ್ರತೆಯ ನಡುವೆಯೂ ಒಂದು ಮೂಢನಂಬಿಕೆ ಸಾಯುತ್ತಿಲ್ಲ. ‘ಡಾಟ್ ಎಸ್‌ಒ ಡಾಟ್ ಒಂದು ಸಿಗಲಿಲ್ಲ’ ಎಂದು, ಅಂದರೆ ಸೋನೇಮಿನಲ್ಲಿ ಒಂದು ಎಂಬ ಸಂಖ್ಯೆಯಿರುವ ಲೈಬ್ರರಿ ಸಿಗಲಿಲ್ಲವೆಂದು, ತಂತ್ರಾಂಶ ದೂರಿದರೆ, ಕೈಯಲ್ಲಿರುವ ಎರಡರ ಸಂಖ್ಯೆಯ ಕಡತಕ್ಕೇ ಒಂದರ ಹೆಸರಿನಲ್ಲಿ ಒಂದು ಸಿಮ್‌ಲಿಂಕ್ (ಕಡತವನ್ನು ಇನ್ನೊಂದು ಹೆಸರಿನಿಂದ ತೋರಿಸುವ ಕೊಂಡಿ) ಕಟ್ಟಿಬಿಡಿ ಎಂಬ ಸಲಹೆ ಅದು. ಜ್ವರಕ್ಕೆ ತಾಯತ ಕಟ್ಟಿದಂತೆ. ಬೋರ್ಡು ಬದಲಿಸಿದ ಮಾತ್ರಕ್ಕೆ ಮೈಸೂರಿನ ಬಸ್ಸು ಹಾಸನಕ್ಕೆ ಹೋಗುವುದಿಲ್ಲ. ತಂತ್ರಾಂಶ ಆರಂಭವಾಗುತ್ತದೆ ನಿಜ, ಉಪ್ಪು ಬೀಳುವುದು ಆಮೇಲೆ.

ಹಾಗಿದ್ದರೆ ಗ್ಲಿಬ್‌ಸಿ ಇಷ್ಟು ವರ್ಷ ಬದಲಾಗುತ್ತಲೇ ಮಾತು ಉಳಿಸಿಕೊಂಡದ್ದು ಹೇಗೆ? 2010ರಲ್ಲಿ, ಗಣಕದ ನೆನಪಿನಲ್ಲಿ ಮಾಹಿತಿಯನ್ನು ಒಂದು ಜಾಗದಿಂದ ಇನ್ನೊಂದಕ್ಕೆ ನಕಲಿಸುವ ಅದರ ‘ಮೆಮ್‌ಕಾಪಿ’ ಕಾರ್ಯವನ್ನು ವೇಗಗೊಳಿಸಲು ನಕಲಿಸುವ ದಿಕ್ಕನ್ನು ಬದಲಿಸಿದಾಗ ಫೆಡೋರಾ 14 ಎಂಬ ಇನ್ನೊಂದು ಕಾರ್ಯಾಚರಣಾ ವ್ಯವಸ್ಥೆಯಲ್ಲಿ, ಜಾಲತಾಣಗಳ ವಿಡಿಯೊ ಓಡಿಸುತ್ತಿದ್ದ ಫ್ಲ್ಯಾಶ್‌ನ ಧ್ವನಿ ಕೆಟ್ಟಿತು. ಒಂದರ ಮೇಲೊಂದು ಬೀಳುವ ಜಾಗಗಳ ನಡುವೆ ಮೆಮ್‌ಕಾಪಿ ಬಳಸಬಾರದೆಂಬ ನಿಯಮವನ್ನು ಮೀರಿದ್ದ ಫ್ಲ್ಯಾಶ್, ಅಲ್ಲಿಯವರೆಗೆ ಅದೃಷ್ಟದಿಂದ ನಡೆದಿತ್ತು. 2011ರ ಗ್ಲಿಬ್‌ಸಿ 2.14 ಇದಕ್ಕೆ ಕಂಡುಕೊಂಡ ಉಪಾಯ ನನಗೆ ಬಲು ಇಷ್ಟ: 64 ಬಿಟ್‌ನ ಪಿಸಿಗಳಲ್ಲಿ ಒಂದೇ ಹೆಸರಿನ ಎರಡು ಮೆಮ್‌ಕಾಪಿಗಳು, ಒಂದೊಂದಕ್ಕೂ ಬೇರೆ ಬೇರೆ ಆವೃತ್ತಿಯ ಮುದ್ರೆ. ಹೊಸದಾಗಿ ಕಂಪೈಲ್ ಆದವು 2.14ರ ಮುದ್ರೆಯದನ್ನು ಕೇಳುತ್ತವೆ, ಹಳೆಯವು 2.2.5ರ ಮುದ್ರೆಯದನ್ನು. ಆ ಹಳೆಯ ಬಾಗಿಲ ಹಿಂದೆ ಈಗ ಕುಳಿತಿರುವುದು ಜಾಗಗಳು ಒಂದರ ಮೇಲೊಂದು ಬಿದ್ದರೂ ತಪ್ಪದ ‘ಮೆಮ್‌ಮೂವ್’. ಕದ ತಟ್ಟುವ ಹಳೆಯ ತಂತ್ರಾಂಶಕ್ಕೆ ಅದರ ಸುಳಿವೂ ಇಲ್ಲ.